ಚೈನ್‌ಸಾದಿಂದ ಮರ ಉರುಳಿಸುವ ಕ್ರಮ ಮತ್ತು ಯಂತ್ರದ ಆರೈಕೆ

ಕೊಡಲಿಯಿಂದ ಮರ ಕಡಿಯುತ್ತಿದ್ದ ಕಾಲದಲ್ಲಿ ಕೆಲಸ ನಿಧಾನವಾಗಿತ್ತು, ಆದರೆ ಆ ನಿಧಾನದಲ್ಲಿ ಒಂದು ಅನುಕೂಲವಿತ್ತು. ಮರ ಯಾವ ಕಡೆಗೆ ವಾಲುತ್ತಿದೆ, ತುದಿ ಎಷ್ಟು ಅಲುಗುತ್ತಿದೆ, ಒಳಗಿನಿಂದ ಲಟಲಟ ಸದ್ದು ಬರುತ್ತಿದೆಯೇ ಎಂಬುದೆಲ್ಲ ಎರಡು ಏಟುಗಳ ನಡುವಿನ ಬಿಡುವಿನಲ್ಲಿ ಕಡಿಯುವವನಿಗೆ ತಿಳಿಯುತ್ತಿತ್ತು. ಚೈನ್‌ಸಾ ಆ ಬಿಡುವನ್ನು ಇಲ್ಲವಾಗಿಸಿದೆ. ಅರ್ಧ ಮೀಟರ್ ದಪ್ಪದ ಸಿಲ್ವರ್ ಓಕ್ ಮರವನ್ನು ಅದು ಕೆಲವೇ ನಿಮಿಷಗಳಲ್ಲಿ ಕೊಯ್ದು ಮುಗಿಸುತ್ತದೆ ಮತ್ತು ಅದರ ಎಂಜಿನ್ನಿನ ಅಬ್ಬರದಲ್ಲಿ ಮರದ ಸದ್ದಾಗಲಿ, ದೂರದಲ್ಲಿ ನಿಂತವರ ಕೂಗಾಗಲಿ ಕೇಳಿಸುವುದಿಲ್ಲ. ಹೀಗಾಗಿ ಹಿಂದೆ ಕೆಲಸದ ನಡುವೆ ಮಾಡುತ್ತಿದ್ದ ಯೋಚನೆಯನ್ನೆಲ್ಲ ಈಗ ಯಂತ್ರ ಚಾಲೂ ಮಾಡುವ ಮೊದಲೇ ಮುಗಿಸಿರಬೇಕಾಗುತ್ತದೆ.

ಆ ಯೋಚನೆಯ ಕೇಂದ್ರದಲ್ಲಿರಬೇಕಾದ ಸಂಗತಿ, ಬಹುಮಂದಿ ಭಾವಿಸುವಂತೆ, ಎಲ್ಲಿ ಕೊಯ್ಯಬೇಕು ಎಂಬುದಲ್ಲ. ಮರ ಬೀಳುವ ದಿಕ್ಕನ್ನೂ ವೇಗವನ್ನೂ ನಿಯಂತ್ರಿಸುವುದು ಬುಡದಲ್ಲಿ ಕೊಯ್ಯದೆ ಉಳಿಸಿದ ಒಂದು ತೆಳು ಪಟ್ಟಿ. ಕೊಯ್ತ ಮುಂದುವರಿಯುತ್ತ ಆ ಪಟ್ಟಿಯೂ ತುಂಡಾಗಿಹೋದರೆ ಟನ್ನುಗಟ್ಟಲೆ ತೂಕದ ಮರಕ್ಕೆ ದಾರಿ ತೋರಿಸುವುದು ಏನೂ ಉಳಿಯುವುದಿಲ್ಲ. ಗಾಳಿ ಮತ್ತು ಕೊಂಬೆಗಳ ಭಾರ ಎಳೆದ ಕಡೆಗೆ ಅದು ಬೀಳುತ್ತದೆ. ಮರ ಕಡಿಯುವಾಗಿನ ಅವಘಡಗಳಲ್ಲಿ ಹಲವಕ್ಕೆ ಮೂಲ ಇಲ್ಲಿಯೇ ಇದೆ.

ಮೊದಲು ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುವುದು ಒಳ್ಳೆಯದು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರದಂತಹ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಬೀಟೆ, ತೇಗ, ಶ್ರೀಗಂಧಗಳ ವಿಷಯದಲ್ಲಿ ನಿಯಮಗಳು ಬಿಗಿಯಾಗಿವೆ. ಅನುಮಾನವಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಬೇಕು.

ಮರದ ಬುಡಕ್ಕೆ ಹೋಗುವ ಮೊದಲು ಅದನ್ನು ದೂರದಿಂದ, ಒಂದಕ್ಕೊಂದು ಅಡ್ಡವಾಗಿರುವ ಎರಡು ಕಡೆಗಳಿಂದಲಾದರೂ ನೋಡಬೇಕು. ಒಂದೇ ಕಡೆಯಿಂದ ನೆಟ್ಟಗೆ ಕಾಣುವ ಮರ ಪಕ್ಕದಿಂದ ನೋಡಿದಾಗ ವಾಲಿರುವುದು ಸಾಮಾನ್ಯ. ಕಾಂಡದ ವಾಲಿಕೆಯಷ್ಟೇ ಮುಖ್ಯವಾದದ್ದು ನೆತ್ತಿಯ ಭಾರ ಯಾವ ಕಡೆಗಿದೆ ಎಂಬುದು. ಬೆಳಕನ್ನರಸಿ ಒಂದೇ ಕಡೆಗೆ ಕೊಂಬೆ ಚಾಚಿದ ತೋಟದಂಚಿನ ಮರಗಳು ಕಾಂಡ ನೆಟ್ಟಗಿದ್ದರೂ ಆ ಕಡೆಗೇ ಎಳೆಯುತ್ತವೆ. ಒಣಗಿ ಅರ್ಧ ಮುರಿದು ನೇತಾಡುವ ಕೊಂಬೆಗಳನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಸಿಲ್ವರ್ ಓಕ್‌ನ ಕೊಂಬೆಗಳು ಸುಲಭವಾಗಿ ಮುರಿಯುವಂಥವು ಮತ್ತು ಯಂತ್ರದ ಕಂಪನಕ್ಕೇ ಕೆಳಗುದುರಬಲ್ಲವು. ಪಕ್ಕದ ಮರಕ್ಕೂ ಇದಕ್ಕೂ ಕಾಡುಬಳ್ಳಿ ಹೆಣೆದುಕೊಂಡಿದ್ದರೆ ಬೀಳುವ ಮರವು ಪಕ್ಕದ ಮರದ ಕೊಂಬೆಯನ್ನು ಕಿತ್ತು ಹಿಂದಕ್ಕೆ ಎಸೆಯುತ್ತದೆ. ಬುಡದಲ್ಲಿ ಗೆದ್ದಲು, ಅಣಬೆ ಅಥವಾ ಪೊಟರೆ ಕಂಡರೆ ಕೊಡಲಿಯ ಹಿಂಬದಿಯಿಂದ ಸುತ್ತಲೂ ಬಡಿದು ಕೇಳಬೇಕು. ಟೊಳ್ಳು ಸದ್ದು ಬಂದರೆ ನಾವು ನಂಬಿರುವ ಆ ಪಟ್ಟಿಯೇ ಅಲ್ಲಿ ಇಲ್ಲದಿರಬಹುದು, ಅಂತಹ ಮರವನ್ನು ಅನುಭವಿಗಳಿಗೆ ಬಿಡುವುದೇ ಸರಿ. ಬೇಲಿಸಾಲಿನ ಮರವಾದರೆ ಮುಳ್ಳುತಂತಿ ಮತ್ತು ಮೊಳೆ ತೊಗಟೆಯೊಳಗೆ ಸೇರಿಕೊಂಡಿರುತ್ತವೆ. ವಿದ್ಯುತ್ ತಂತಿ ಮರ ಬೀಳಬಹುದಾದ ದೂರದೊಳಗಿದ್ದರೆ ಮೆಸ್ಕಾಂ ಅಥವಾ ಸೆಸ್ಕ್‌ನಂತಹ ಸಂಬಂಧಪಟ್ಟ ಕಂಪನಿಯವರಿಂದ ಲೈನ್ ಬಂದ್ ಮಾಡಿಸದೆ ಕೈಹಾಕಲೇಬಾರದು. ‘ಹಗ್ಗ ಕಟ್ಟಿ ಈಚೆಗೆ ಎಳೆದರಾಯಿತು’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಕಾಫಿ ಗಿಡ ಅಥವಾ ಅಡಿಕೆ ಮರಗಳ ನಡುವೆ ಇಡೀ ಮರವನ್ನು ಕೊಂಬೆಸಹಿತ ಬೀಳಿಸಿದರೆ ನಷ್ಟ ಹೆಚ್ಚು. ಮರಗಸಿಯಲ್ಲಿ, ಅಂದರೆ ತೋಟದ ಮರಗಳ ಕೊಂಬೆ ಸವರುವ ಕೆಲಸದಲ್ಲಿ, ಪಳಗಿದವರಿಂದ ಮೊದಲು ಕೊಂಬೆಗಳನ್ನು ಇಳಿಸಿಕೊಂಡು ಆಮೇಲೆ ಬೊಡ್ಡೆಯನ್ನು ಸಾಲಿನ ನಡುವೆ ಮಲಗಿಸುವ ರೂಢಿ ಇರುವುದು ಇದಕ್ಕಾಗಿಯೇ. ಆದರೆ ನೆಲದ ಮೇಲೆ ಬಳಸುವ ಚೈನ್‌ಸಾವನ್ನು ಹಿಡಿದು ಮರ ಹತ್ತುವುದು ಅಥವಾ ಏಣಿಯ ಮೇಲೆ ನಿಂತು ಕೊಯ್ಯುವುದು ಬೇರೆಯೇ ಅಪಾಯ. ಅಲ್ಲಿ ಕತ್ತಿ ಮತ್ತು ಕೈಗರಗಸಗಳೇ ಲೇಸು.

ಬೀಳಿಸುವ ದಿಕ್ಕು ತೀರ್ಮಾನವಾದ ಮೇಲೆ ಓಡಿಹೋಗುವ ದಾರಿಯನ್ನು ಸವರಬೇಕು. ಈ ದಾರಿ ಬೀಳುವ ದಿಕ್ಕಿಗೆ ನೇರ ಹಿಂದಕ್ಕಿರಬಾರದು, ಏಕೆಂದರೆ ಮರ ಬೀಳುವಾಗ ಅದರ ಬುಡ ಕೆಲವೊಮ್ಮೆ ಹಿಂದಕ್ಕೆ ಚಿಮ್ಮುತ್ತದೆ. ಹಿಂಬದಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ದಾರಿಯಿರಬೇಕು ಮತ್ತು ಅವುಗಳಲ್ಲಿ ಕಾಲಿಗೆ ತೊಡರುವ ಬಳ್ಳಿ, ಬೇರು, ಕಲ್ಲುಗಳಿರಬಾರದು. ಉಳಿದ ಎಲ್ಲರೂ ಮರದ ಎತ್ತರದ ಎರಡು ಪಟ್ಟು ದೂರದಲ್ಲಿ ನಿಲ್ಲಬೇಕು. ಅಂದರೆ 20 ಮೀಟರ್ ಎತ್ತರದ ಮರಕ್ಕೆ 40 ಮೀಟರ್. ನಮ್ಮಲ್ಲಿ ಮರ ಕಡಿಯುವುದೆಂದರೆ ನೋಡಲು ಮಕ್ಕಳೂ ನೆಂಟರೂ ಸೇರುತ್ತಾರಾದ್ದರಿಂದ ಒಬ್ಬರನ್ನು ಆ ಕಾವಲಿಗೇ ನಿಲ್ಲಿಸುವುದು ವಾಸಿ.

ಈಗ ಕೊಯ್ತದ ವಿಷಯ. ಬೀಳಬೇಕಾದ ಕಡೆಯಲ್ಲಿ ಮೊದಲು ಒಂದು ಕಚ್ಚು ಹಾಕಬೇಕು. ಮೇಲಿನಿಂದ ಓರೆಯಾಗಿ ಒಂದು ಕೊಯ್ತ, ಕೆಳಗಿನಿಂದ ಅಡ್ಡವಾಗಿ ಇನ್ನೊಂದು ಕೊಯ್ತ, ಎರಡೂ ಒಂದೇ ಗೆರೆಯಲ್ಲಿ ಸೇರಿದಾಗ ಕಲ್ಲಂಗಡಿಯ ಹೋಳಿನಾಕಾರದ ತುಂಡು ಹೊರಬರುತ್ತದೆ. ಈ ಕಚ್ಚಿನ ಆಳ ಕಾಂಡದ ವ್ಯಾಸದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟಿದ್ದರೆ ಸಾಕು. ಎರಡು ಕೊಯ್ತಗಳು ಸೇರುವ ಗೆರೆ ಬೀಳುವ ದಿಕ್ಕಿಗೆ ಸರಿಯಾಗಿ ಅಡ್ಡವಾಗಿರಬೇಕು. ಅದು ಸ್ವಲ್ಪ ತಿರುಗಿದರೂ 20 ಮೀಟರ್ ಎತ್ತರದ ತುದಿಯಲ್ಲಿ ಅದರ ಪರಿಣಾಮ ಮೀಟರುಗಟ್ಟಲೆ ಇರುತ್ತದೆ. ಒಂದು ಕೊಯ್ತ ಇನ್ನೊಂದನ್ನು ದಾಟಿ ಒಳಗೆ ಹೋಗಿದ್ದರೂ ತೊಂದರೆಯೇ. ಆ ಸಣ್ಣ ಸೀಳು ಮರ ವಾಲಲಾರಂಭಿಸಿದೊಡನೆ ಮುಚ್ಚಿಕೊಂಡು ಉಳಿದ ಪಟ್ಟಿಯನ್ನು ಅಕಾಲದಲ್ಲಿ ಮುರಿಯುತ್ತದೆ.

ಕಚ್ಚಿನ ಬಾಯಿ ಎಷ್ಟು ಅಗಲವಾಗಿರಬೇಕು ಎಂಬ ಪ್ರಶ್ನೆಗೆ ರೂಢಿಯ ಉತ್ತರ 45 ಡಿಗ್ರಿ. ಇದಕ್ಕಿಂತ ಅಗಲವಾದ, ಸುಮಾರು 70 ಡಿಗ್ರಿಯ ಕಚ್ಚನ್ನು ಇಂದಿನ ತರಬೇತುದಾರರು ಹೆಚ್ಚಾಗಿ ಮೆಚ್ಚುತ್ತಾರೆ, ಮತ್ತು ಅದಕ್ಕೆ ಕಾರಣ ಸರಳವಾಗಿದೆ. ಮರ ಬೀಳುತ್ತ ಬಂದಂತೆ ಕಚ್ಚಿನ ಬಾಯಿ ಮುಚ್ಚುತ್ತದೆ, ಮುಚ್ಚಿದ ಕ್ಷಣದಲ್ಲಿ ಹಿಂದೆ ಉಳಿಸಿದ ಪಟ್ಟಿ ಮುರಿಯುತ್ತದೆ, ಮುರಿದ ಮೇಲೆ ಮರದ ಮೇಲೆ ನಮಗೆ ಹಿಡಿತವಿಲ್ಲ. 45 ಡಿಗ್ರಿಯ ಕಚ್ಚು ಮರ ಅರ್ಧ ದಾರಿಯಲ್ಲಿರುವಾಗಲೇ ಮುಚ್ಚಿಕೊಳ್ಳುತ್ತದೆ. 70 ಡಿಗ್ರಿಯದು ಮರ ನೆಲಕ್ಕೆ ಹತ್ತಿರವಾಗುವವರೆಗೂ ಹಿಡಿದಿಟ್ಟುಕೊಳ್ಳುತ್ತದೆ.

ಅನಂತರ ಹಿಂಬದಿಯ ಕೊಯ್ತ. ಸಾಂಪ್ರದಾಯಿಕ ಕಚ್ಚಿಗೆ ಇದನ್ನು ಕಚ್ಚಿನ ಗೆರೆಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ, ನೆಲಕ್ಕೆ ಸಮಾನಾಂತರವಾಗಿ ಕೊಯ್ಯುತ್ತಾರೆ. ಇದರಿಂದ ಉಂಟಾಗುವ ಮೆಟ್ಟಿಲು ಬುಡ ಹಿಂದಕ್ಕೆ ಜಾರದಂತೆ ತಡೆಯುತ್ತದೆ. ಕೊಯ್ತವನ್ನು ಕಚ್ಚಿನವರೆಗೂ ಒಯ್ಯದೆ ವ್ಯಾಸದ ಹತ್ತನೇ ಒಂದರಷ್ಟು ದಪ್ಪದ ಪಟ್ಟಿಯನ್ನು ಉಳಿಸಬೇಕು. 50 ಸೆಂಟಿಮೀಟರ್ ವ್ಯಾಸದ ಮರದಲ್ಲಿ ಈ ಪಟ್ಟಿ ಸುಮಾರು 5 ಸೆಂಟಿಮೀಟರ್ ದಪ್ಪವಿರಬೇಕು ಮತ್ತು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಸಮನಾಗಿರಬೇಕು. ಬಾಗಿಲಿಗೆ ಕೀಲು ಹೇಗೋ ಬೀಳುವ ಮರಕ್ಕೆ ಈ ಪಟ್ಟಿ ಹಾಗೆ. ಒಂದು ಕಡೆ ತೆಳ್ಳಗಾದರೆ ಆ ಕಡೆ ಮೊದಲು ಹರಿದು, ದಪ್ಪವಿರುವ ಕಡೆಗೆ ಮರ ತಿರುಗುತ್ತದೆ. ಅನುಭವಿಗಳು ಇದೇ ಗುಣವನ್ನು ಉದ್ದೇಶಪೂರ್ವಕವಾಗಿ ಬಳಸಿ ಮರವನ್ನು ಸ್ವಲ್ಪ ತಿರುಗಿಸುವುದೂ ಉಂಟು. ಹೊಸಬರಿಗೆ ಅದು ಬೇಡ.

ಹಿಂಬದಿಯ ಕೊಯ್ತ ಬಾರ್‌ನ (ಚೈನು ಸುತ್ತಿ ಓಡುವ ಉದ್ದನೆಯ ಅಲಗಿನ) ಅಗಲಕ್ಕಿಂತ ಆಳಕ್ಕೆ ಹೋದೊಡನೆ ಅದರೊಳಗೆ ಬೆಣೆ ಹೊಡೆಯಬೇಕು. ಇಲ್ಲವಾದರೆ ಮರ ಹಿಂದಕ್ಕೆ ಕುಳಿತು ಬಾರ್ ಸಿಕ್ಕಿಹಾಕಿಕೊಳ್ಳುತ್ತದೆ. ಬೆಣೆ ಪ್ಲಾಸ್ಟಿಕ್ಕಿನದೋ ಗಟ್ಟಿ ಮರದ್ದೋ ಆಗಿರಬೇಕು. ಕಬ್ಬಿಣದ ಬೆಣೆಗೆ ಚೈನು ತಾಗಿದರೆ ಹಲ್ಲುಗಳು ಕಿತ್ತುಬರುತ್ತವೆ. ಬೆಣೆಯ ಬಲವನ್ನು ಅನೇಕರು ಕಡಿಮೆ ಎಣಿಸುತ್ತಾರೆ. ಮೇಲೆ ಹೇಳಿದ 50 ಸೆಂಟಿಮೀಟರ್ ವ್ಯಾಸದ ಮರದಲ್ಲಿ ಉಳಿಸಿದ ಪಟ್ಟಿಯಿಂದ ಹಿಂಬದಿಯ ಅಂಚಿಗೆ ಸುಮಾರು 33 ಸೆಂಟಿಮೀಟರ್ ಇರುತ್ತದೆ. ಆ ಅಂಚಿನಲ್ಲಿ ಬೆಣೆ ಕಾಂಡವನ್ನು ಒಂದೇ ಒಂದು ಸೆಂಟಿಮೀಟರ್ ಎತ್ತಿದರೆ 20 ಮೀಟರ್ ಎತ್ತರದ ತುದಿ ಸುಮಾರು 60 ಸೆಂಟಿಮೀಟರ್ ಮುಂದಕ್ಕೆ ಸರಿಯುತ್ತದೆ. ಹಗ್ಗದಿಂದ ಎಳೆಯುವುದಾದರೆ ಅದನ್ನು ಆದಷ್ಟು ಎತ್ತರದಲ್ಲಿ ಕಟ್ಟಬೇಕು, ಎಳೆಯುವವರು ಮರದ ಎತ್ತರಕ್ಕಿಂತ ಸಾಕಷ್ಟು ದೂರದಲ್ಲಿರಬೇಕು, ಹಗ್ಗವನ್ನು ಯಾರೂ ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬಾರದು. ಮರ ಕದಲಿತೆಂದರೆ ಕೊಯ್ಯುವುದನ್ನು ಅಲ್ಲಿಗೇ ನಿಲ್ಲಿಸಿ, ತುದಿಯನ್ನು ನೋಡುತ್ತಲೇ ಓರೆದಾರಿಯಲ್ಲಿ ಹಿಂದೆ ಸರಿಯಬೇಕು.

ಬೀಳಬೇಕಾದ ಕಡೆಗೇ ಬಲವಾಗಿ ವಾಲಿರುವ ಮರ ನೋಡಲು ಸುಲಭ, ವಾಸ್ತವದಲ್ಲಿ ಅತ್ಯಂತ ಅಪಾಯಕಾರಿ. ಹಿಂಬದಿಯ ಕೊಯ್ತ ಅರ್ಧವಾಗುವಷ್ಟರಲ್ಲಿ ಅದು ಮುಂದಕ್ಕೆ ಬಾಗಲಾರಂಭಿಸುತ್ತದೆ, ಆದರೆ ಉಳಿದ ಮರ ಇನ್ನೂ ದಪ್ಪವಾಗಿರುವುದರಿಂದ ಬಾಗುವ ಬದಲು ಕಾಂಡ ಉದ್ದಕ್ಕೂ ಸೀಳಿಬಿಡುತ್ತದೆ. ಸೀಳಿದ ಹಿಂಭಾಗವು ಕೊಯ್ಯುವವನ ತಲೆಯ ಎತ್ತರದಲ್ಲಿ ಹಿಂದಕ್ಕೆ ಹಾರುತ್ತದೆ. ನೀಲಗಿರಿಯಂತೆ ನಾರಿನ ಎಳೆಗಳು ನೇರವಾಗಿರುವ ಮರಗಳಲ್ಲಿ ಇದರ ಸಂಭವ ಹೆಚ್ಚು. ಇದಕ್ಕೆ ಪರಿಹಾರವೆಂದರೆ ಹಿಂದಿನಿಂದ ಕೊಯ್ಯದೆ, ಬಾರ್‌ನ ತುದಿಯನ್ನು ಪಕ್ಕದಿಂದ ಕಾಂಡದೊಳಗೆ ತೂರಿಸಿ, ಮುಂದೆ ಬೇಕಾದ ಪಟ್ಟಿಯನ್ನು ಮೊದಲು ಸರಿಯಾದ ದಪ್ಪಕ್ಕೆ ತಂದು, ಹಿಂಬದಿಯಲ್ಲಿ ಹಿಡಿದುಕೊಳ್ಳಲು ಇನ್ನೊಂದು ಪಟ್ಟಿಯನ್ನು ಬಿಟ್ಟು, ಕೊನೆಯಲ್ಲಿ ಅದನ್ನಷ್ಟೇ ಹೊರಗಿನಿಂದ ಕೊಯ್ಯುವುದು. ಈ ವಿಧಾನವನ್ನು ಬಲ್ಲವರ ಎದುರಿನಲ್ಲಿ, ಬಿದ್ದ ದಿಮ್ಮಿಯ ಮೇಲೆ ಕಲಿತು ಆಮೇಲೆ ನಿಂತ ಮರಕ್ಕೆ ಬಳಸಬೇಕು.

ಮಲೆನಾಡಿನಲ್ಲಿ ಚೈನ್‌ಸಾ ಹೆಚ್ಚು ಹೊರಬರುವುದು ಮುಂಗಾರಿನಲ್ಲಿ, ಗಾಳಿಮಳೆಗೆ ಬೇರುಸಹಿತ ಉರುಳಿದ ಮರ ರಸ್ತೆಗೆ ಅಡ್ಡಬಿದ್ದಾಗ. ಮರ ಬಿದ್ದಾಗಿದೆ, ಇನ್ನೇನು ಭಯ ಎಂಬ ಭಾವನೆ ಸಹಜ. ಆದರೆ ಹಾಗೆ ಬಿದ್ದ ಮರದಲ್ಲಿ ಬೇರಿನ ದೊಡ್ಡ ಹೆಂಟೆ ಕಾಂಡದ ಭಾರದಿಂದಷ್ಟೇ ಎದ್ದು ನಿಂತಿರುತ್ತದೆ. ಕಾಂಡವನ್ನು ತುಂಡರಿಸಿದೊಡನೆ ಆ ಹೆಂಟೆ ಬೊಡ್ಡೆಯೊಂದಿಗೆ ಮತ್ತೆ ಗುಂಡಿಯೊಳಕ್ಕೆ ಮುಚ್ಚಿಕೊಳ್ಳಬಹುದು ಅಥವಾ ಇಳಿಜಾರಿನಲ್ಲಿ ಕೆಳಗುರುಳಬಹುದು. ಅದರ ಹಿಂದೆ ಅಥವಾ ಗುಂಡಿಯೊಳಗೆ ಯಾರೂ ಇರಕೂಡದು. ಬಾಗಿ ಬಿಗಿಹಿಡಿದ ಕೊಂಬೆಗಳನ್ನು ಕೊಯ್ಯುವ ಮೊದಲು ಎಳೆತ ಯಾವ ಬದಿಯಲ್ಲಿದೆ, ಒತ್ತಡ ಯಾವ ಬದಿಯಲ್ಲಿದೆ ಎಂದು ನೋಡಬೇಕು. ಒತ್ತಡದ ಬದಿಯಲ್ಲಿ ಮೊದಲು ಸ್ವಲ್ಪ ಕೊಯ್ದು, ಆಮೇಲೆ ಎಳೆತದ ಬದಿಯಿಂದ ನಿಧಾನವಾಗಿ ಬಿಡಿಸಿದರೆ ಬಾರ್ ಸಿಕ್ಕಿಕೊಳ್ಳುವುದಿಲ್ಲ, ಕೊಂಬೆಯೂ ಮುಖಕ್ಕೆ ಬಡಿಯುವುದಿಲ್ಲ. ಇಳಿಜಾರಿನಲ್ಲಿ ದಿಮ್ಮಿಯ ಮೇಲುಭಾಗದಲ್ಲಿ ನಿಂತೇ ಕೊಯ್ಯಬೇಕು. ಬೀಳುತ್ತಿದ್ದ ಮರ ಇನ್ನೊಂದು ಮರಕ್ಕೆ ಸಿಕ್ಕಿಕೊಂಡು ನಿಂತರೆ ಅದರ ಕೆಳಗೆ ಹೋಗುವುದು, ಹತ್ತಿ ಬಿಡಿಸುವುದು, ಆತುಕೊಂಡ ಮರವನ್ನೇ ಕಡಿಯುವುದು ಈ ಮೂರನ್ನೂ ಮಾಡಬಾರದು. ದೂರದಿಂದ ಟ್ರ್ಯಾಕ್ಟರ್ ಅಥವಾ ವಿಂಚ್‌ನಿಂದ ಬುಡವನ್ನು ಹಿಂದಕ್ಕೆ ಎಳೆಸುವುದೇ ಅದಕ್ಕೆ ದಾರಿ, ಅಲ್ಲಿಯವರೆಗೆ ಆ ಜಾಗಕ್ಕೆ ಯಾರೂ ಬರದಂತೆ ಗುರುತು ಹಾಕಿರಬೇಕು.

ಮರದಿಂದ ಬರುವ ಅಪಾಯದ ಜೊತೆಗೆ ಯಂತ್ರದ್ದೇ ಒಂದು ಅಪಾಯವಿದೆ. ಓಡುತ್ತಿರುವ ಚೈನು ಬಾರ್‌ನ ತುದಿಯ ಮೇಲಿನ ಅರ್ಧದಲ್ಲಿ ಯಾವುದಾದರೂ ಕೊಂಬೆಗೆ ತಾಗಿದರೆ, ಹಲ್ಲು ಕೊಯ್ಯಲಾರದೆ ಸಿಕ್ಕಿಕೊಂಡು, ಇಡೀ ಬಾರ್ ಮೇಲಕ್ಕೆ ಮತ್ತು ಹಿಂದಕ್ಕೆ, ಅಂದರೆ ಹಿಡಿದವನ ಮುಖ ಮತ್ತು ಕುತ್ತಿಗೆಯ ಕಡೆಗೆ ಚಿಮ್ಮುತ್ತದೆ. ಕಿಕ್‌ಬ್ಯಾಕ್ ಎಂದು ಕರೆಯುವ ಈ ಹೊಡೆತ ಮನುಷ್ಯ ಪ್ರತಿಕ್ರಿಯಿಸುವುದಕ್ಕಿಂತ ಬೇಗ ಮುಗಿದುಹೋಗುತ್ತದೆ. ಅದಕ್ಕಾಗಿಯೇ ಮುಂದಿನ ಹಿಡಿಯ ಎದುರಿಗೆ ಚೈನ್ ಬ್ರೇಕಿನ ಗುರಾಣಿ ಇರುವುದು. ಅದು ಸರಿಯಿಲ್ಲದ ಯಂತ್ರವನ್ನು ಕೆಲಸಕ್ಕೆ ತೆಗೆಯಲೇಬಾರದು. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿ ಹಿಡಿದಿರಬೇಕು, ಬಲಗೈ ಹಿಂದಿನ ಹಿಡಿಯಲ್ಲಿರಬೇಕು, ಎಡಚರಿಗೂ ಇದೇ ಕ್ರಮ. ದೇಹ ಚೈನು ಓಡುವ ಗೆರೆಯ ಎಡಪಕ್ಕದಲ್ಲಿರಬೇಕು, ಹೆಗಲಿಗಿಂತ ಎತ್ತರದಲ್ಲಿ ಕೊಯ್ಯಬಾರದು. ಚಾಲೂ ಮಾಡುವಾಗ ಯಂತ್ರವನ್ನು ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ತುದಿಯನ್ನಿಟ್ಟು ಹಗ್ಗ ಎಳೆಯಬೇಕು. ಕೈಯಲ್ಲಿ ತೂಗಿಬಿಡುತ್ತ ಎಳೆಯುವುದು ನೋಡಲು ಚುರುಕಾಗಿ ಕಂಡರೂ ತೊಡೆ ಸೀಳಿಸಿಕೊಳ್ಳುವ ದಾರಿ.

ಲುಂಗಿ ಉಟ್ಟು, ಹವಾಯಿ ಚಪ್ಪಲಿ ಮೆಟ್ಟಿ ಚೈನ್‌ಸಾ ಹಿಡಿದವರನ್ನು ನಮ್ಮೂರುಗಳಲ್ಲಿ ಈಗಲೂ ಕಾಣಬಹುದು. ಇದಕ್ಕೆಂದೇ ಸಿಗುವ ಪ್ಯಾಂಟಿನ ಒಳಪದರಗಳಲ್ಲಿ ಉದ್ದನೆಯ ನೂಲುಗಳಿರುತ್ತವೆ. ಚೈನು ತಾಗಿದ ಕೂಡಲೇ ಆ ನೂಲು ಹೊರಬಂದು ಚೈನನ್ನು ಓಡಿಸುವ ಹಲ್ಲುಗಾಲಿಗೆ (ಸ್ಪ್ರಾಕೆಟ್) ಸುತ್ತಿಕೊಂಡು ಯಂತ್ರವನ್ನೇ ನಿಲ್ಲಿಸುತ್ತದೆ. ಮುಖಕ್ಕೆ ಜಾಲರಿ ಮತ್ತು ಕಿವಿಗೆ ಮುಚ್ಚಳವಿರುವ ಹೆಲ್ಮೆಟ್, ಗಟ್ಟಿ ಮೂತಿಯ ಬೂಟು ಇವೂ ಬೇಕು. ಯಂತ್ರದ ಸದ್ದು 100 ಡೆಸಿಬೆಲ್ ದಾಟುವುದರಿಂದ ವರ್ಷಗಟ್ಟಲೆ ಬರಿಗಿವಿಯಲ್ಲಿ ಕೆಲಸ ಮಾಡಿದವರ ಕಿವಿ ಮಂದವಾಗುವುದು ಖಚಿತವೆಂದೇ ಹೇಳಬಹುದು.

ಕೆಲಸ ಮುಗಿದ ಮೇಲಿನ ಆರೈಕೆಯನ್ನು ಸುರಕ್ಷತೆಯಿಂದ ಬೇರೆಯಾಗಿ ನೋಡುವುದು ತಪ್ಪು. ಮೊಂಡಾದ ಚೈನನ್ನು ಹಿಡಿದವನು ಅದನ್ನು ಮರಕ್ಕೆ ಒತ್ತುತ್ತಾನೆ, ಒತ್ತಿದವನ ತೋಳು ದಣಿಯುತ್ತದೆ, ಕೊಯ್ತ ಓರೆಯಾಗುತ್ತದೆ, ಉಳಿಸಬೇಕಾದ ಪಟ್ಟಿಯ ಅಳತೆ ತಪ್ಪುತ್ತದೆ.

ಚೈನಿನ ಹಲ್ಲುಗಳ ಇಂದಿನ ವಿನ್ಯಾಸಕ್ಕೆ ಒಂದು ಹುಳು ಕಾರಣ. ಅಮೆರಿಕದ ಆರೆಗನ್ ಪ್ರಾಂತ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬವರು 1940ರ ದಶಕದಲ್ಲಿ ಬೊಡ್ಡೆಯೊಂದನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ಗಮನಿಸಿದರು. ಅದು ಮರದ ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಿಂದ, ಎಡಕ್ಕೂ ಬಲಕ್ಕೂ ದವಡೆಯಾಡಿಸುತ್ತ ಮರ ತಿನ್ನುತ್ತಿತ್ತು. ಆ ದವಡೆಯ ಆಕಾರವನ್ನೇ ಅವರು ಉಕ್ಕಿನಲ್ಲಿ ಮಾಡಿ, ಎಡಕ್ಕೊಂದು ಬಲಕ್ಕೊಂದು ಹಲ್ಲಿರುವ ಚೈನನ್ನು ರೂಪಿಸಿದರು. ನಮ್ಮ ಅರೇಬಿಕಾ ಬೆಳೆಗಾರರ ನಿದ್ದೆಗೆಡಿಸಿರುವ ಬಿಳಿ ಕಾಂಡಕೊರಕವೂ ಅದೇ ಕುಟುಂಬದ ಕೀಟ ಎಂಬುದು ಕುತೂಹಲದ ಮಾತು.

ಈ ಹಲ್ಲು ಹರಿತವಾಗಿದ್ದಾಗ ಕೊಯ್ತದಿಂದ ಚಕ್ಕೆಗಳು ಉದುರುತ್ತವೆ. ಚಕ್ಕೆಯ ಬದಲು ನುಣ್ಣನೆಯ ಹುಡಿ ಬರಲಾರಂಭಿಸಿದರೆ, ಹೊಗೆಯಾಡಿದರೆ ಅಥವಾ ಬಾರ್ ಒಂದು ಪಕ್ಕಕ್ಕೆ ಎಳೆದರೆ ಅರ ಹಿಡಿಯುವ ಹೊತ್ತಾಗಿದೆ ಎಂದರ್ಥ. ದುಂಡು ಅರದ ದಪ್ಪ ಚೈನಿನ ಅಳತೆಗೆ ಹೊಂದಬೇಕು: .325 ಇಂಚು ಪಿಚ್ಚಿನ (ಕೊಂಡಿಗಳ ಅಂತರದ ಅಳತೆ) ಚೈನಿಗೆ 4.8 ಮಿಲಿಮೀಟರಿನ ಅರ, 3/8 ಇಂಚು ಪಿಚ್ಚಿನದಕ್ಕೆ 5.2 ಅಥವಾ 5.5 ಮಿಲಿಮೀಟರಿನದು. ಹೆಚ್ಚಿನ ಚೈನುಗಳಲ್ಲಿ ಹಲ್ಲಿನ ಮೇಲ್ಭಾಗದ ಓರೆ 30 ಡಿಗ್ರಿ, ಅದರ ಗುರುತು ಹಲ್ಲಿನ ಮೇಲೆಯೇ ಗೀಚಿರುವುದುಂಟು. ಅರವನ್ನು ಹಲ್ಲಿನ ಒಳಬದಿಯಿಂದ ಹೊರಕ್ಕೆ, ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು; ಹಿಂದಕ್ಕೆ ತರುವಾಗ ಎತ್ತಿಕೊಳ್ಳಬೇಕು. ಎಲ್ಲ ಹಲ್ಲುಗಳೂ ಒಂದೇ ಉದ್ದಕ್ಕೆ ಬರುವಂತೆ, ಅತ್ಯಂತ ಗಿಡ್ಡವಾದ ಹಲ್ಲನ್ನೇ ಅಳತೆಯಾಗಿಟ್ಟುಕೊಳ್ಳಬೇಕು. ಒಂದು ಪಕ್ಕದ ಹಲ್ಲುಗಳು ಉದ್ದವಾಗಿ ಉಳಿದರೆ ಕೊಯ್ತ ಸೊಟ್ಟಗೆ ಹೋಗುತ್ತದೆ.

ಪ್ರತಿ ಹಲ್ಲಿನ ಮುಂದಿರುವ ಸಣ್ಣ ಗುಬುಟನ್ನು ಬಹಳ ಮಂದಿ ಮರೆತುಬಿಡುತ್ತಾರೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುವುದು ಅದೇ, ಮತ್ತು ಸಾಮಾನ್ಯವಾಗಿ ಅದು ಹಲ್ಲಿನ ಅಂಚಿಗಿಂತ 0.65 ಮಿಲಿಮೀಟರ್ ತಗ್ಗಿನಲ್ಲಿರಬೇಕು. ಹಲ್ಲಿಗೆ ಅರ ಹಾಕುತ್ತ ಹೋದಂತೆ ಅಂಚು ತಗ್ಗುತ್ತದೆ, ಗುಬುಟು ಹಾಗೆಯೇ ಉಳಿಯುತ್ತದೆ, ಕೊನೆಗೆ ಎಷ್ಟು ಹರಿತ ಮಾಡಿದರೂ ಚೈನು ಕೊಯ್ಯುವುದಿಲ್ಲ. ಆದುದರಿಂದ ಮೂರು ನಾಲ್ಕು ಬಾರಿ ಹರಿತ ಮಾಡಿದ ಮೇಲೊಮ್ಮೆ ಅಳತೆಪಟ್ಟಿಯಿಟ್ಟು ಚಪ್ಪಟೆ ಅರದಿಂದ ಅದನ್ನು ತಗ್ಗಿಸಬೇಕು. ಬೇಗ ಕೊಯ್ಯಲೆಂದು ಅತಿಯಾಗಿ ತಗ್ಗಿಸಿದರೆ ಚೈನು ಒರಟಾಗಿ ಕಚ್ಚಿ ಕಿಕ್‌ಬ್ಯಾಕ್ ಹೆಚ್ಚುತ್ತದೆ.

ಚೈನಿನ ಬಿಗಿಯನ್ನು ಎಂಜಿನ್ ತಣ್ಣಗಿರುವಾಗ ನೋಡಬೇಕು. ಬಾರ್‌ನ ಕೆಳಬದಿಗೆ ಅದು ಅಂಟಿಕೊಂಡಿರಬೇಕು, ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು. ಕೆಲಸದಲ್ಲಿ ಕಾದು ಸಡಿಲವಾದಾಗ ಬಿಗಿ ಮಾಡಿದ್ದರೆ ಸಂಜೆ ಇಡುವ ಮೊದಲು ಸಡಿಲಿಸಬೇಕು, ಇಲ್ಲವಾದರೆ ತಣಿದು ಕುಗ್ಗುವಾಗ ಬೇರಿಂಗಿನ ಮೇಲೆ ಒತ್ತಡ ಬೀಳುತ್ತದೆ. ಬಾರ್‌ನಲ್ಲಿ ಚೈನು ಓಡುವ ಸಂದನ್ನೂ ಎಣ್ಣೆಯ ತೂತನ್ನೂ ತೆಳು ತಗಡಿನಿಂದ ಕೆರೆದು ಸ್ವಚ್ಛಗೊಳಿಸಿ, ಬಾರನ್ನು ತಿರುವಿ ಹಾಕಿದರೆ ಎರಡೂ ಅಂಚುಗಳು ಸಮನಾಗಿ ಸವೆಯುತ್ತವೆ. ಚೈನಿಗೆ ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಸುರಿಯುವುದು ಉಳಿತಾಯದಂತೆ ಕಾಣುತ್ತದೆ. ಆದರೆ ಅದರಲ್ಲಿ ಲೋಹದ ಕಣಗಳಿರುತ್ತವೆ, ಅಂಟುಗುಣ ಇರುವುದಿಲ್ಲ, ಚಿಮ್ಮಿದ ಹನಿ ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು. ಎಣ್ಣೆ ಹರಿಯುತ್ತಿದೆಯೇ ಎಂದು ತಿಳಿಯಲು ಬಾರ್‌ನ ತುದಿಯನ್ನು ಬಿಳಿಯ ಬೊಡ್ಡೆಯ ಮೇಲೆ ತಾಗದಂತೆ ಹಿಡಿದು ವೇಗ ಕೊಟ್ಟರೆ ಎಣ್ಣೆಯ ಗೆರೆ ಮೂಡಬೇಕು.

ಇಂಧನಕ್ಕೆ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ ಸಾಮಾನ್ಯವಾಗಿ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, ಅಂದರೆ 50ಕ್ಕೆ 1ರ ಪ್ರಮಾಣ. ಯಂತ್ರದ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಆಯಿಲ್ ಬೆರೆಸದ ಪೆಟ್ರೋಲ್ ಹಾಕಿದರೆ ಪಿಸ್ಟನ್ ಅಲ್ಪಕಾಲದಲ್ಲೇ ಕಚ್ಚಿಕೊಳ್ಳುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದ ಬೇಕಾದಷ್ಟನ್ನೇ ಬೆರೆಸಿಕೊಂಡು ಒಂದು ತಿಂಗಳೊಳಗೆ ಮುಗಿಸಬೇಕು. ಎಂಜಿನ್ ಆರಿದ ಮೇಲೆಯೇ ಟ್ಯಾಂಕ್ ತುಂಬಿಸಿ, ಆ ಜಾಗದಿಂದ ಮೂರು ಮೀಟರ್ ಆಚೆ ಹೋಗಿ ಚಾಲೂ ಮಾಡಬೇಕು. ಏರ್ ಫಿಲ್ಟರನ್ನು ದಿನವೂ ಕೊಡವಬೇಕು, ಸಿಲಿಂಡರಿನ ರೆಕ್ಕೆಗಳ ನಡುವಿನ ಹುಡಿಯನ್ನು ಬ್ರಶ್ಶಿನಿಂದ ತೆಗೆಯಬೇಕು. ಸ್ಪಾರ್ಕ್ ಪ್ಲಗ್ಗಿನ ಸಂದು 0.5 ಮಿಲಿಮೀಟರ್ ಇರಬೇಕು.

ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಟ್ಯಾಂಕನ್ನು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಚೈನು ಮತ್ತು ಬಾರನ್ನು ಬಿಚ್ಚಿ, ಒರೆಸಿ, ಎಣ್ಣೆ ಸವರಿ, ಗೊಬ್ಬರದ ಚೀಲಗಳಿಂದ ದೂರವಾದ ಒಣ ಜಾಗದಲ್ಲಿಡಬೇಕು. ರಸಗೊಬ್ಬರದ ತೇವ ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ಬೇಗ ತುಕ್ಕು ಹಿಡಿಸುತ್ತದೆ. ಮತ್ತೆ ತೆಗೆಯುವಾಗ ಹೊಸ ಇಂಧನ ತುಂಬಿ, ಮೊದಲು ಚೈನ್ ಬ್ರೇಕನ್ನೂ ಆಕ್ಸಿಲರೇಟರ್ ಬಿಟ್ಟೊಡನೆ ಚೈನು ನಿಲ್ಲುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ ಕನಿಷ್ಠ ವೇಗದಲ್ಲಿಯೂ ಚೈನು ತೆವಳುತ್ತಿದ್ದರೆ ಕಾರ್ಬ್ಯುರೇಟರ್ ಹೊಂದಾಣಿಕೆ ಅಥವಾ ಕ್ಲಚ್ಚಿನಲ್ಲಿ ದೋಷವಿದೆ. ಅದನ್ನು ಮೆಕ್ಯಾನಿಕ್ ಸರಿಪಡಿಸುವವರೆಗೆ ಯಂತ್ರವನ್ನು ಮರದ ಬಳಿಗೆ ಒಯ್ಯಬಾರದು.